ಈ ವರ್ಷದ ಕರುಗಳನ್ನು ಹರಾಜು ಕಟ್ಟೆಗೆ ಕಳಿಸುವುದೋ, ವಿಡಿಯೊ ಹರಾಜಿಗೆ ಕೊಡುವುದೋ, ನಮ್ಮ ದೊಡ್ಡಿಯಲ್ಲೇ ಮಾರುವುದೋ?

ಮರಳುಗುಡ್ಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸ್ಯಾಂಡ್‌ಹಿಲ್ಸ್ ಹುಲ್ಲುಗಾವಲಿನಲ್ಲಿ ಒಂದು ಕುಟುಂಬದ ರ‍್ಯಾಂಚ್ ಇದೆ. ಅದರ ಲೆಕ್ಕಪತ್ರವನ್ನೂ ದಿನನಿತ್ಯದ ಮೇಲ್ವಿಚಾರಣೆಯನ್ನೂ ನಾನು ನೋಡಿಕೊಳ್ಳುತ್ತೇನೆ. ಯಜಮಾನರು ದಶಕಗಳಿಂದ ಬಹುಮಟ್ಟಿಗೆ ಒಂದೇ ಪದ್ಧತಿಯನ್ನು ಅನುಸರಿಸುತ್ತ ಬಂದಿದ್ದಾರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹುಟ್ಟಿದ ಕರುಗಳನ್ನು ಅಕ್ಟೋಬರ್ ಕೊನೆಯಲ್ಲಿ ತಾಯಿಯಿಂದ ಬೇರ್ಪಡಿಸಿ, ಅದೇ ವಾರ ಸಮೀಪದ ಊರಿನ ಹರಾಜು ಕಟ್ಟೆಗೆ ಕಳಿಸುತ್ತಾರೆ. ಈ ವರ್ಷ ಆಡಳಿತ ಅವರ ಮಗಳ ಕೈಗೆ ಬಂದಿದೆ. ಮಾರಾಟದ ಬೇರೆ ದಾರಿಗಳನ್ನು ಹೋಲಿಸಿ ಒಂದು ಟಿಪ್ಪಣಿ ಬರೆದುಕೊಡಬೇಕೆಂದು ಅವರು ಕೇಳಿದ್ದಾರೆ.

ನಮ್ಮಲ್ಲಿ ಸುಮಾರು ಇನ್ನೂರು ಕರುಗಳಿವೆ. ಅರ್ಧದಷ್ಟು ಬೀಜ ಒಡೆಸಿದ ಗಂಡುಕರುಗಳು, ಅಂದರೆ ಇಲ್ಲಿಯವರು ಸ್ಟಿಯರ್ ಎನ್ನುವವು. ಅವುಗಳ ಸರಾಸರಿ ತೂಕ 550 ಪೌಂಡ್ ಆಸುಪಾಸಿನಲ್ಲಿರುತ್ತದೆ. ಹೆಣ್ಣುಕರುಗಳಲ್ಲಿ ಮಂದೆಗೆ ಬೇಕಾದಷ್ಟನ್ನು ಉಳಿಸಿಕೊಂಡ ಮೇಲೆ ಮಾರಾಟಕ್ಕೆ ಅರವತ್ತರಷ್ಟು ಸಿಗುತ್ತವೆ. ಇದರ ಜೊತೆಗೆ ಗಬ್ಬ ನಿಲ್ಲದ ಮತ್ತು ವಯಸ್ಸಾದ ಮೂವತ್ತು ಹಸುಗಳನ್ನೂ ವಿಲೇವಾರಿ ಮಾಡಬೇಕಾಗಿದೆ.

ಈಗ ನಮ್ಮ ಮುಂದೆ ಮೂರು ಪ್ರಸ್ತಾಪಗಳಿವೆ. ಕರುಗಳ ವಿಡಿಯೊ ತೋರಿಸಿ ದೂರದ ಖರೀದಿದಾರರಿಂದ ಕೂಗಿಸುವ ಜುಲೈನ ವಿಡಿಯೊ ಹರಾಜಿನಲ್ಲಿ ಈಗಲೇ ಮಾರಿ ಅಕ್ಟೋಬರಿನಲ್ಲಿ ಕರುಗಳನ್ನು ಒಪ್ಪಿಸಬಹುದೆಂದು ಅದನ್ನು ನಡೆಸುವ ಸಂಸ್ಥೆಯ ಪ್ರತಿನಿಧಿ ಹೇಳಿದ್ದಾರೆ. ಫೀಡ್‌ಲಾಟ್‌ಗಳ, ಅಂದರೆ ದನಗಳನ್ನು ಕೂಡಿಹಾಕಿ ಮೇಯಿಸಿ ಮಾಂಸಕ್ಕೆ ಕೊಬ್ಬಿಸುವ ದೊಡ್ಡಿಗಳ, ಪರವಾಗಿ ಕೊಳ್ಳುವ ಒಬ್ಬ ಸ್ಥಳೀಯ ಖರೀದಿದಾರರು ಕಮಿಷನ್ ಇಲ್ಲದೆ ನಮ್ಮ ದೊಡ್ಡಿಯಲ್ಲೇ ತೂಕ ಹಾಕಿಸಿ ಒಯ್ಯುವುದಾಗಿ ಹೇಳುತ್ತಿದ್ದಾರೆ. ಯಜಮಾನರಿಗೆ ಮಾತ್ರ ಹರಾಜು ಕಟ್ಟೆಯ ಮೇಲೆಯೇ ನಂಬಿಕೆ. ಅಲ್ಲಿ ಹತ್ತು ಜನರ ಮುಂದೆ ಬೆಲೆ ಏರುವುದನ್ನು ಕಣ್ಣಾರೆ ನೋಡಬಹುದು, ಅದೇ ದಿನ ಚೆಕ್ ಕೈಗೆ ಬರುತ್ತದೆ ಎನ್ನುವುದು ಅವರ ವಾದ. ಕರುಗಳನ್ನು ಚಳಿಗಾಲದವರೆಗೆ ಸಾಕಿ ಮಾರಬೇಕೆನ್ನುವವರೂ ಇದ್ದಾರೆ, ಕಡಿಸಿ ಮಾಂಸವನ್ನೇ ನೇರವಾಗಿ ಗ್ರಾಹಕರಿಗೆ ಮಾರಬೇಕೆನ್ನುವವರೂ ಇದ್ದಾರೆ.

ಈ ದಾರಿಗಳನ್ನು ಒಂದಕ್ಕೊಂದು ಸರಿಯಾಗಿ ಹೋಲಿಸುವುದು ಹೇಗೆ? ಯಾವ ದಾರಿಯಲ್ಲಿ ಯಾವ ಅಪಾಯ ಯಾರ ತಲೆಯ ಮೇಲೆ ಬೀಳುತ್ತದೆ? ಈ ಕುಟುಂಬದ ಇಡೀ ವರ್ಷದ ಆದಾಯ ಹೆಚ್ಚುಕಡಿಮೆ ಈ ಒಂದು ನಿರ್ಧಾರದ ಮೇಲೆ ನಿಂತಿರುವುದರಿಂದ ವಿವರವಾದ ಉತ್ತರಗಳನ್ನು ಕೋರುತ್ತೇನೆ.

ಲೆಕ್ಕದಪುಸ್ತಕ

ನಮಸ್ಕಾರ. ನಾನು ಕೃಷಿ ಅರ್ಥಶಾಸ್ತ್ರ ಓದಿದವನು, ಜಾನುವಾರು ಮಾರುಕಟ್ಟೆಯ ಲೆಕ್ಕಗಳೇ ನನ್ನ ಕೆಲಸ. ಕೂಗಿದ ಬೆಲೆಗಳನ್ನು ಎಂದಿಗೂ ಒಂದರ ಪಕ್ಕ ಒಂದನ್ನಿಟ್ಟು ಹೋಲಿಸಬೇಡಿ. ಕರು ನಿಮ್ಮ ಗೇಟು ದಾಟುವ ಹೊತ್ತಿಗೆ ಒಂದೊಂದಕ್ಕೆ ಕೈಗೆ ಎಷ್ಟು ಹಣ ಉಳಿಯಿತು ಎಂಬುದನ್ನು ಮಾತ್ರ ಹೋಲಿಸಿ. ಇಲ್ಲಿ ಬೆಲೆಯನ್ನು ನೂರು ಪೌಂಡಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಆದರೆ ಯಾವ ತೂಕದ ಮೇಲೆ ಆ ಬೆಲೆ ಎನ್ನುವುದು ಪ್ರತಿಯೊಂದು ದಾರಿಯಲ್ಲೂ ಬೇರೆಯಾಗಿರುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಇಂದಿನ ಮಾರುಕಟ್ಟೆಯವಲ್ಲ. ಬೆಳಿಗ್ಗೆ ನಿಮ್ಮ ದೊಡ್ಡಿಯಲ್ಲಿ 580 ಪೌಂಡ್ ತೂಗುವ ಒಂದು ಸ್ಟಿಯರ್ ಇದೆ ಎಂದುಕೊಳ್ಳಿ. ಅದನ್ನು ಲಾರಿಗೆ ಹತ್ತಿಸಿ ಹರಾಜು ಕಟ್ಟೆಗೆ ಒಯ್ದು, ರಾತ್ರಿ ಅಲ್ಲಿ ನಿಲ್ಲಿಸಿ, ಮರುದಿನ ತೂಗಿದರೆ ಮೈಯೊಳಗಿನ ನೀರು, ಮೇವು, ಸಗಣಿಯ ರೂಪದಲ್ಲಿ ನೂರಕ್ಕೆ ನಾಲ್ಕರಷ್ಟು ತೂಕ ಇಳಿಯಿತೆನ್ನೋಣ. ಉಳಿದದ್ದು 557 ಪೌಂಡ್. 380 ಡಾಲರಿನಂತೆ ಅದಕ್ಕೆ 2,116 ಡಾಲರ್ ಸಿಗುತ್ತದೆ. ನೂರಕ್ಕೆ ಎರಡರಂತೆ ಕಮಿಷನ್ 42 ಡಾಲರ್, ಸಾಗಣೆ ಮತ್ತು ಕಟ್ಟೆಯ ಇತರ ಖರ್ಚು 15 ಡಾಲರ್ ಹೋದರೆ ಕೈಗೆ ಬರುವುದು ಸುಮಾರು 2,059.

ಅದೇ ಕರುವನ್ನು ವಿಡಿಯೊ ಹರಾಜಿನಲ್ಲಿ ಕರಾರಿನಲ್ಲಿ ಅಂದಾಜಾಗಿ ಬರೆದ 550 ಪೌಂಡ್ ಮೂಲ ತೂಕಕ್ಕೆ 376 ಡಾಲರಿನಂತೆ ಮಾರಿದ್ದೀರಿ. ನಿಮ್ಮ ದೊಡ್ಡಿಯಲ್ಲೇ ತೂಗಿ ಕಾಗದದ ಮೇಲೆ ನೂರಕ್ಕೆ ಎರಡು ಕಳೆಯುತ್ತಾರೆ. ಇದನ್ನು ಪೆನ್ಸಿಲ್ ಶ್ರಿಂಕ್ ಎನ್ನುತ್ತಾರೆ. ಹಾಗೆ ಕಳೆದ ಮೇಲೆ 568 ಪೌಂಡ್ ಉಳಿಯುತ್ತದೆ. ಮೂಲ ತೂಕ ಮೀರಿದ ಪ್ರತಿ ಪೌಂಡಿಗೆ ನೂರು ಪೌಂಡಿನ ಬೆಲೆಯಲ್ಲಿ 20 ಸೆಂಟ್ ಇಳಿಸುವ ಸ್ಲೈಡ್ ಇದ್ದರೆ ಬೆಲೆ 372 ಡಾಲರಿನ ಆಸುಪಾಸಿಗೆ ಇಳಿಯುತ್ತದೆ. ಕಮಿಷನ್ ಮತ್ತು ತಪಾಸಣೆಯ ಖರ್ಚು ಹೋದ ಮೇಲೆ ಕೈಗೆ ಬರುವುದು ಸುಮಾರು 2,071. ಸ್ಥಳೀಯ ಖರೀದಿದಾರರು ಬರೀ 370 ಡಾಲರ್ ಹೇಳಿ, ನೂರಕ್ಕೆ ಮೂರು ಶ್ರಿಂಕ್ ಕಳೆದರೂ ಕಮಿಷನ್ ಇಲ್ಲದ ಕಾರಣ ಸುಮಾರು 2,079 ಸಿಗುತ್ತದೆ. ಎಲ್ಲಕ್ಕಿಂತ ಕಡಿಮೆ ಕೂಗಿದ ಬೆಲೆ ಎಲ್ಲಕ್ಕಿಂತ ಹೆಚ್ಚು ಹಣ ತಂದಿತು. ಇನ್ನೊಂದು ವರ್ಷ, ಇನ್ನೊಂದು ಕರಾರಿನಲ್ಲಿ ಇದು ಪೂರ್ತಿ ತಿರುಗಿಬೀಳಬಹುದು. ಆದ್ದರಿಂದಲೇ ಪ್ರತಿ ಸಲವೂ ಲೆಕ್ಕವನ್ನು ಕೊನೆಯ ಸಾಲಿನವರೆಗೆ ಹಾಕಲೇಬೇಕು.

ಸ್ಲೈಡ್ ಬಗ್ಗೆ ಒಂದು ಎಚ್ಚರಿಕೆ. ಅದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಕರುಗಳು ಮೂಲ ತೂಕಕ್ಕಿಂತ ಹಗುರವಾಗಿ ಬಂದರೆ ಬೆಲೆ ಏರುವುದಿಲ್ಲ. ಜುಲೈನಲ್ಲಿ ನಿಂತು ಅಕ್ಟೋಬರಿನ ತೂಕವನ್ನು ಆದಷ್ಟು ನಿಖರವಾಗಿ ಅಂದಾಜು ಮಾಡುವುದು ಈ ಕಾರಣಕ್ಕೆ ಮುಖ್ಯ. ಹಿಂದಿನ ಐದಾರು ವರ್ಷಗಳ ತೂಕದ ಚೀಟಿಗಳು ನಿಮ್ಮ ಕಡತದಲ್ಲಿದ್ದರೆ ಅವನ್ನು ಹೊರತೆಗೆಯಿರಿ. ಆ ವರ್ಷಗಳ ಮಳೆಯ ದಾಖಲೆಯೂ ಪಕ್ಕದಲ್ಲಿರಲಿ.

ಇನ್ನು ಕಾಲದ ವಿಷಯ. ವಸಂತದಲ್ಲಿ ಹುಟ್ಟಿದ ಕರುಗಳೆಲ್ಲ ಅಕ್ಟೋಬರ್, ನವೆಂಬರಿನಲ್ಲಿ ಒಟ್ಟಿಗೆ ಮಾರುಕಟ್ಟೆಗೆ ನುಗ್ಗುವುದರಿಂದ ಆಗ ಬೆಲೆ ಸಾಮಾನ್ಯವಾಗಿ ತಗ್ಗುತ್ತದೆ. ಹಗುರ ಕರುಗಳಿಗೆ ಹೊಸ ಹುಲ್ಲು ಬರುವ ಮಾರ್ಚ್, ಏಪ್ರಿಲ್ ಹೊತ್ತಿಗೆ ಬೇಡಿಕೆ ಏರುತ್ತದೆ. ಹಾಗೆಂದು ಕಾಯ್ದರೆ ಲಾಭ ಖಚಿತವೆಂದು ತಿಳಿಯಬಾರದು, ಏಕೆಂದರೆ ಕರು ಭಾರವಾದಂತೆ ಪೌಂಡಿನ ಬೆಲೆ ಇಳಿಯುತ್ತದೆ. 550 ಪೌಂಡ್ ಕರುವಿಗೆ 380 ಡಾಲರಿನಂತೆ 2,090 ಸಿಗುತ್ತದೆ. ಅರವತ್ತು ದಿನ ಸಾಕಿ, 90 ಪೌಂಡ್ ಕೂಡಿಸಿ, 640 ಪೌಂಡನ್ನು 350 ಡಾಲರಿನಂತೆ ಮಾರಿದರೆ 2,240. ಹೆಚ್ಚಿದ್ದು 150 ಡಾಲರ್. ವರ್ಷಕ್ಕೆ ನೂರಕ್ಕೆ ಎಂಟರಂತೆ ಬಡ್ಡಿ 27 ಡಾಲರ್, ನೂರರಲ್ಲಿ ಒಂದು ಕರು ಸತ್ತರೆ ಪ್ರತಿ ಕರುವಿನ ಪಾಲಿಗೆ 21 ಡಾಲರ್ ತೆಗೆದರೆ, ಮೇವು, ಔಷಧ, ಕೂಲಿ ಎಲ್ಲಕ್ಕೂ ಸೇರಿ ದಿನಕ್ಕೆ ಒಂದು ಡಾಲರ್ ಎಪ್ಪತ್ತು ಸೆಂಟ್ ಉಳಿಯುತ್ತದೆ. ನಿಮ್ಮ ಹುಲ್ಲು ನಿಮ್ಮದೇ ಆಗಿದ್ದರೆ ಇದು ಸಾಧ್ಯ, ಕೊಂಡು ಹಾಕುವುದಾದರೆ ಕಷ್ಟ.

ಜುಲೈನಲ್ಲಿ ಬೆಲೆ ಕಟ್ಟಿಕೊಳ್ಳುವುದೆಂದರೆ ಬೆಲೆ ಇಳಿಯುವ ಭಯವನ್ನು ಮಾರಿ, ಏರುವ ಅವಕಾಶವನ್ನೂ ಅದರ ಜೊತೆಗೇ ಬಿಟ್ಟುಕೊಡುವುದು. ಏರುವ ಅವಕಾಶ ಉಳಿಯಬೇಕು, ತಳವೂ ಭದ್ರವಾಗಿರಬೇಕು ಎನ್ನುವವರಿಗೆ ಅಮೆರಿಕದ ಕೃಷಿ ಇಲಾಖೆಯ ಎಲ್‌ಆರ್‌ಪಿ ವಿಮೆ ಇದೆ, ಬೆಲೆ ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದರೆ ಅದು ಪರಿಹಾರ ಕೊಡುತ್ತದೆ. ಅದರ ಕಂತಿನಲ್ಲಿ ನೂರಕ್ಕೆ 35ರಿಂದ 55ರಷ್ಟನ್ನು ಸರ್ಕಾರವೇ ಭರಿಸುತ್ತದೆ. ಅದರ ಪರಿಹಾರವು ದೇಶದ ಸರಾಸರಿ ಸೂಚ್ಯಂಕದ ಮೇಲೆ ನಿಂತಿದೆ, ನಿಮ್ಮ ಊರಿನ ಬೆಲೆಯ ಮೇಲಲ್ಲ. ಮುಂದಿನ ತಿಂಗಳುಗಳ ಬೆಲೆಯನ್ನು ಈಗಲೇ ಕಟ್ಟಿಕೊಳ್ಳುವ ಷಿಕಾಗೊದ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಒಂದು ಕರಾರು 50,000 ಪೌಂಡಿನದು. ಅದನ್ನು 700ರಿಂದ 899 ಪೌಂಡಿನ ಸ್ಟಿಯರ್‌ಗಳ ಬೆಲೆಯ ಸೂಚ್ಯಂಕಕ್ಕೆ ಚುಕ್ತಾ ಮಾಡಲಾಗುತ್ತದೆ. ನಿಮ್ಮ ಹಗುರ ಕರುಗಳ ಬೆಲೆ ಅದರ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುವುದಿಲ್ಲ. ಇನ್ನೂರು ಕರುಗಳ ರ‍್ಯಾಂಚಿಗೆ ನಾನು ಫ್ಯೂಚರ್ಸ್‌ಗಿಂತ ವಿಮೆಯನ್ನೇ ಮೊದಲು ಪರಿಶೀಲಿಸಲು ಹೇಳುತ್ತೇನೆ.

ಪಶುವೈದ್ಯೆ

ಲೆಕ್ಕದಪುಸ್ತಕ ಅವರ ಲೆಕ್ಕ ಸರಿಯಾಗಿದೆ. ಆದರೆ ಆ ಲೆಕ್ಕದೊಳಗೆ ಬೆಲೆಯನ್ನು ನಿರ್ಧರಿಸುವ ಒಂದು ಸಂಗತಿ ಮಾರಾಟಕ್ಕೆ ಆರು ತಿಂಗಳು ಮೊದಲೇ ನಿಮ್ಮ ಕೈಯಲ್ಲಿರುತ್ತದೆ: ಕರುವಿನ ಆರೋಗ್ಯ ಮತ್ತು ಅದರ ದಾಖಲೆ. ಹರಾಜು ಕಟ್ಟೆಗೆ ಬರುವ ದನಗಳನ್ನು ಪರೀಕ್ಷಿಸುವ ಕೆಲಸ ಮಾಡುವ ನನಗೆ ಪ್ರತಿ ಶರತ್ಕಾಲದಲ್ಲೂ ಅತ್ಯಂತ ಬೇಸರ ತರುವ ದೃಶ್ಯವೆಂದರೆ ನಿನ್ನೆ ತಾನೇ ತಾಯಿಯಿಂದ ಬೇರ್ಪಟ್ಟು, ಕೂಗಿ ಕೂಗಿ ಗಂಟಲು ಕಟ್ಟಿದ ಕರುಗಳು ಲಾರಿಯಿಂದ ಇಳಿಯುವುದು. ನಿಮ್ಮ ಯಜಮಾನರ ಪದ್ಧತಿಯಲ್ಲಿ ನಾನು ಬದಲಿಸಬೇಕೆನ್ನುವುದು ಮಾರುವ ಸ್ಥಳವನ್ನಲ್ಲ, ಇದನ್ನು.

ತಾಯಿಯನ್ನು ಬಿಟ್ಟ ಸಂಕಟ, ಪ್ರಯಾಣ, ಗೊತ್ತಿಲ್ಲದ ಮೇವಿನ ತೊಟ್ಟಿ, ಹತ್ತು ಕಡೆಯ ಕರುಗಳ ಸೋಂಕು ಎಲ್ಲವೂ ಒಂದೇ ವಾರದಲ್ಲಿ ಎರಗಿದಾಗ ಶ್ವಾಸಕೋಶದ ಕಾಯಿಲೆ ಹಿಡಿಯುತ್ತದೆ. ಫೀಡ್‌ಲಾಟ್‌ಗಳಲ್ಲಿ ಅತಿ ಹೆಚ್ಚು ಕರುಗಳನ್ನು ಕೊಲ್ಲುವುದು ಇದೇ ಕಾಯಿಲೆ. ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಬೇರ್ಪಡಿಸಿ ಕನಿಷ್ಠ 45 ದಿನ ಕಳೆದ, ಲಸಿಕೆಯ ಎರಡೂ ಸುತ್ತು ಮುಗಿದ, ತೊಟ್ಟಿಯಲ್ಲಿ ತಿನ್ನಲು ಕಲಿತ ಕರುಗಳಿಗೆ ಅವರು ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ಇಲ್ಲಿನವರು ಇದನ್ನು ವ್ಯಾಕ್-45 ಎಂದು ಕರೆಯುತ್ತಾರೆ. ಕೊಂಬು ಇರಬಾರದು, ಬೀಜ ಒಡೆಸದೆ ಉಳಿದ ಒಂದೇ ಒಂದು ಹೋರಿಯೂ ಗುಂಪಿನಲ್ಲಿರಬಾರದು. ಬಿಟ್ಟುಹೋದ ಒಂದೆರಡು ಹೋರಿಗಳು ಇಡೀ ಗುಂಪಿನ ಮೇಲೆ ಸಂಶಯ ಹುಟ್ಟಿಸುವುದನ್ನು ನಾನು ಕಂಡಿದ್ದೇನೆ.

ಮಾಡಿದ ಕೆಲಸ ಕಾಗದದ ಮೇಲೆ ಇಲ್ಲದಿದ್ದರೆ ಅದಕ್ಕೆ ಬೆಲೆ ಸಿಗುವುದಿಲ್ಲ. ಯಾವ ಲಸಿಕೆ, ಯಾವ ತಯಾರಿಕಾ ಸಂಖ್ಯೆ, ಯಾವ ದಿನ ಎಂಬುದನ್ನು ಬರೆದು ನಿಮ್ಮ ವೈದ್ಯರಿಂದ ಸಹಿ ಮಾಡಿಸಿ, ಹರಾಜಿಗೆ ಒಂದು ವಾರ ಮೊದಲೇ ಕಟ್ಟೆಯವರಿಗೆ ಕೊಡಿ. ಅವರು ಖರೀದಿದಾರರಿಗೆ ಫೋನ್ ಮಾಡಿ ತಿಳಿಸುತ್ತಾರೆ. ಬೇಗ ಬೆಳೆಯಲೆಂದು ಕಿವಿಯ ಚರ್ಮದಡಿ ಇಡುವ ಹಾರ್ಮೋನ್ ಗುಳಿಗೆ ಇಡದ ಕರುಗಳಿಗೆ ಬೇರೆಯದೇ ಮಾರುಕಟ್ಟೆ ಇದೆ. ಯುರೋಪಿನ ಒಕ್ಕೂಟವು ಹಾರ್ಮೋನ್ ಕೊಟ್ಟ ದನಗಳ ಮಾಂಸವನ್ನು 1989ರಿಂದಲೂ ಒಳಗೆ ಬಿಡುತ್ತಿಲ್ಲ. ಆದರೆ ಅಂಥ ಕಾರ್ಯಕ್ರಮಗಳಿಗೆ ಸೇರಬೇಕಾದರೆ ಹೊರಗಿನ ಸಂಸ್ಥೆಯಿಂದ ಮೊದಲೇ ತಪಾಸಣೆ ಮಾಡಿಸಬೇಕು. ಅಕ್ಟೋಬರಿನಲ್ಲಿ ನೆನಪಾದರೆ ತಡವಾಗಿರುತ್ತದೆ. ಈ ದಾಖಲೆಗಳ ಪೂರ್ಣ ಬೆಲೆ ಸಿಗುವುದು ವಿಡಿಯೊ ಹರಾಜಿನಲ್ಲಿ, ಏಕೆಂದರೆ ಅಲ್ಲಿ ಕೊಳ್ಳುವವರು ಕರುವನ್ನು ಮುಟ್ಟಿ ನೋಡುವುದಿಲ್ಲ, ನೀವು ಬರೆದುಕೊಟ್ಟ ವಿವರಣೆಯನ್ನೇ ನಂಬಿ ಕೂಗುತ್ತಾರೆ. ಕರುಗಳು ನಿಮ್ಮ ಹುಲ್ಲುಗಾವಲಿನಿಂದ ನೇರವಾಗಿ ಫೀಡ್‌ಲಾಟಿಗೆ ಹೋಗುವುದರಿಂದ ಬೇರೆ ಮಂದೆಯ ಸೋಂಕು ತಗಲುವ ಅವಕಾಶವೂ ಕಡಿಮೆ. ವೈದ್ಯೆಯಾಗಿ ನನಗೆ ಆ ದಾರಿಯ ಮೇಲೆ ಒಲವಿರುವುದು ಅದಕ್ಕೇ.

ಮೂವತ್ತು ಹಸುಗಳ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕರು ಮಾರುವ ರ‍್ಯಾಂಚುಗಳ ವರಮಾನದಲ್ಲಿ ನೂರಕ್ಕೆ 10ರಿಂದ 20ರಷ್ಟು ಇಂಥ ಹಸುಗಳಿಂದಲೇ ಬರುವುದರಿಂದ ಅವುಗಳಿಗೂ ಯೋಚನೆ ಬೇಕು. ಎಲ್ಲರೂ ಗಬ್ಬ ಪರೀಕ್ಷೆ ಮಾಡಿಸಿ ಗೊಡ್ಡು ಹಸುಗಳನ್ನು ಅಕ್ಟೋಬರ್, ನವೆಂಬರಿನಲ್ಲೇ ಹೊರಹಾಕುವುದರಿಂದ ವರ್ಷದ ಕನಿಷ್ಠ ಬೆಲೆ ಸಾಮಾನ್ಯವಾಗಿ ಆಗಲೇ ಬರುತ್ತದೆ. ಪರೀಕ್ಷೆಯನ್ನು ಮುಂಚೆ ಮಾಡಿಸಿ ಸೆಪ್ಟೆಂಬರಿಗೇ ಕಳಿಸಿ, ಇಲ್ಲವೇ ಮೈ ಬಡಕಲಾಗಿರುವವನ್ನು ಚಳಿಗಾಲದ ಕೊನೆಯವರೆಗೆ ಮೇಯಿಸಿ ಮಾರಿ. ತಡವಾಗಿಯಾದರೂ ಗಬ್ಬವಾಗಿರುವ ಹಸುವನ್ನು ಮಾಂಸದ ಬೆಲೆಗೆ ಕೊಡಬೇಡಿ. ನಿಮ್ಮಲ್ಲಿ ತಡವೆನಿಸಿದ್ದು ಬೇಸಿಗೆಯಲ್ಲಿ ಕರು ಹಾಕಿಸುವ ಇನ್ನೊಬ್ಬರಿಗೆ ಸರಿಯಾದ ಕಾಲವಾಗಿರುತ್ತದೆ. ಔಷಧ ಕೊಟ್ಟ ಹಸುವನ್ನು, ಔಷಧದ ಅಂಶ ಮೈಯಿಂದ ಹೋಗಲು ಕಾಯಬೇಕಾದ ಅವಧಿ ಮುಗಿಯದೆ ಕಳಿಸಲೇಕೂಡದು. ಎದ್ದು ನಡೆಯಲಾರದ ದನವನ್ನು ಆಹಾರಕ್ಕಾಗಿ ಕಡಿಯುವುದಕ್ಕೆ 2009ರಿಂದ ನಿಷೇಧವಿದೆ. ಕುಂಟುತ್ತಿರುವ ಹಸುವನ್ನು ಲಾರಿ ಹತ್ತಿಸಿ ಅದೃಷ್ಟ ನೋಡೋಣವೆನ್ನುವುದು ಆ ಪ್ರಾಣಿಗೆ ಮಾಡುವ ಅನ್ಯಾಯ. 18 ತಿಂಗಳು ಮೀರಿದ, ಸಂತಾನಶಕ್ತಿ ಉಳಿಸಿಕೊಂಡಿರುವ ದನಗಳು ರಾಜ್ಯದ ಗಡಿ ದಾಟಬೇಕಾದರೆ ಇಲೆಕ್ಟ್ರಾನಿಕ್ ಆಗಿಯೂ ಓದಬಹುದಾದ ಕಿವಿಯೋಲೆ ಇರಬೇಕೆಂಬ ನಿಯಮ 2024ರ ನವೆಂಬರಿನಿಂದ ಜಾರಿಯಲ್ಲಿದೆ. ನೀವು ಸಂತಾನಕ್ಕೆಂದು ಮಾರುವ ಹಸುಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ದೊಡ್ಡಿಯಾಚೆ

ನಾನು ಕೊಳ್ಳುವವರ ಕಡೆಯವನು. ಒಂದು ಫೀಡ್‌ಲಾಟಿಗೆ ಕರುಗಳನ್ನು ಆರಿಸುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಹೀಗಾಗಿ ನನ್ನ ಮಾತನ್ನು ಆ ಎಚ್ಚರದಿಂದಲೇ ಓದಿ. ಮೊದಲ ಉತ್ತರದ ಲೆಕ್ಕದಲ್ಲಿ 370 ಡಾಲರಿನ ನೇರ ಮಾರಾಟ ಗೆದ್ದಿದೆ. ಆದರೆ ಆ 370 ಎಲ್ಲಿಂದ ಬಂತು? ಕಟ್ಟೆಯ 380ನ್ನು ನಾಲ್ಕೈದು ಜನ ಪೈಪೋಟಿಯಲ್ಲಿ ಕಟ್ಟಿದ್ದಾರೆ. 370ನ್ನು ಒಬ್ಬರೇ ಹೇಳಿದ್ದಾರೆ. ಕಮಿಷನ್ ಉಳಿಯಿತೆಂಬ ಸಮಾಧಾನದಲ್ಲಿ ಅದರ ಎರಡರಷ್ಟು ಹಣವನ್ನು ಬೆಲೆಯಲ್ಲಿ ಬಿಟ್ಟುಕೊಟ್ಟವರು ಬಹಳ ಮಂದಿ ಇದ್ದಾರೆ, ಮತ್ತು ತಾವು ಬಿಟ್ಟುಕೊಟ್ಟದ್ದು ಅವರಿಗೆ ಎಂದೂ ತಿಳಿಯುವುದಿಲ್ಲ. ನೇರ ಮಾರಾಟಕ್ಕೆ ಇಳಿಯುವುದಾದರೆ ಕನಿಷ್ಠ ಮೂವರಿಂದ ಬೆಲೆ ಕೇಳಿ. ವ್ಯಾಲೆಂಟೈನ್, ಬರ್ವೆಲ್, ಒಗಲಾಲಾದಂಥ ಊರುಗಳ ಹರಾಜಿನಲ್ಲಿ ನಿಮ್ಮ ಕರುಗಳ ತೂಕಕ್ಕೇ ಆ ವಾರ ಏನು ನಡೆಯಿತೆಂದು ನೋಡಿ, ಆಮೇಲೆ ಮಾತಿಗೆ ಕುಳಿತುಕೊಳ್ಳಿ.

ನಮಗೆ ಬೇಕಾದದ್ದು ಏನೆಂದು ನೇರವಾಗಿ ಹೇಳುತ್ತೇನೆ: ಒಂದು ಲಾರಿಯ ತುಂಬ ಒಂದೇ ಮೂಲದ, ಒಂದೇ ಗಾತ್ರದ ಕರುಗಳು. ಒಂದು ಲಾರಿಗೆ 48,000ದಿಂದ 50,000 ಪೌಂಡ್ ಹಿಡಿಯುತ್ತದೆ. ನಿಮ್ಮ ನೂರು ಸ್ಟಿಯರ್‌ಗಳಲ್ಲಿ ತಡವಾಗಿ ಹುಟ್ಟಿದ ಹತ್ತನ್ನು ಬೇರೆ ಮಾಡಿದರೆ ಉಳಿದ ತೊಂಬತ್ತು 550 ಪೌಂಡಿನಂತೆ 49,500 ಆಗುತ್ತದೆ. ಅದು ಸರಿಯಾಗಿ ಒಂದು ಲೋಡು. ದೂರದ ಕ್ಯಾನ್ಸಸ್‌ನಲ್ಲಿ ಕುಳಿತ ಖರೀದಿದಾರನೂ ಅದನ್ನು ಕಣ್ಣಿಟ್ಟು ಕೂಗುತ್ತಾನೆ, ಆದ್ದರಿಂದ ವಿಡಿಯೊ ಹರಾಜು ಅದಕ್ಕೆ ತಕ್ಕದ್ದು. ಅರವತ್ತು ಹೆಣ್ಣುಕರುಗಳು ಲೋಡು ತುಂಬುವುದಿಲ್ಲ. ಅವನ್ನೂ ಹತ್ತು ಹಗುರ ಗಂಡುಕರುಗಳನ್ನೂ ಹರಾಜು ಕಟ್ಟೆಯಲ್ಲಿ ಮಾರುವುದೇ ಲೇಸು. ಅಲ್ಲಿ ಬೇರೆಯವರ ಕರುಗಳ ಜೊತೆ ಸೇರಿಸಿ ಲೋಡು ಕಟ್ಟುವ ಖರೀದಿದಾರರು ಇದ್ದೇ ಇರುತ್ತಾರೆ. ಹೆಣ್ಣುಕರುಗಳಲ್ಲಿ ಮಂದೆಗೆ ಯೋಗ್ಯವಾದವನ್ನು ಹುಡುಕುವ ನೆರೆಹೊರೆಯ ರ‍್ಯಾಂಚರ್‌ಗಳೂ ಆ ಕಟ್ಟೆಗೇ ಬರುತ್ತಾರೆ. 2024ರ ಜನವರಿಯ ಎಣಿಕೆಯಲ್ಲಿ ಅಮೆರಿಕದ ಒಟ್ಟು ದನಗಳ ಸಂಖ್ಯೆ ಸುಮಾರು 8.7 ಕೋಟಿಗೆ ಇಳಿದು 1951ರ ನಂತರದ ಕನಿಷ್ಠ ಮಟ್ಟ ಮುಟ್ಟಿತ್ತು. ಮಂದೆಯನ್ನು ಮತ್ತೆ ಕಟ್ಟಬೇಕೆನ್ನುವವರಿಗೆ ಒಳ್ಳೆಯ ಹೆಣ್ಣುಕರು ಎಷ್ಟು ಬೇಕಾಗಿದೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಎಲ್ಲವನ್ನೂ ಒಂದೇ ಕಡೆ ಮಾರಬೇಕೆಂಬ ಹಟವನ್ನು ಬಿಟ್ಟರೆ ನಿಮ್ಮ ಪ್ರಶ್ನೆಯ ಅರ್ಧ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ.

ವಿಡಿಯೊ ಹರಾಜು ಹೊಸದೇನಲ್ಲ, 1987ರಲ್ಲಿ ಉಪಗ್ರಹದ ಮೂಲಕ ಆರಂಭವಾದ ಪದ್ಧತಿ. ಅಲ್ಲಿ ತಕರಾರು ಹುಟ್ಟುವುದು ಜುಲೈನ ಬೆಲೆಯಲ್ಲಲ್ಲ, ಅಕ್ಟೋಬರಿನ ಒಪ್ಪಿಸುವ ದಿನ. ನಡುವೆ ಮಾರುಕಟ್ಟೆ ಇಳಿದಿದ್ದರೆ ಕೊಳ್ಳುವವನ ಕಣ್ಣು ಬಹಳ ಚುರುಕಾಗುತ್ತದೆ. ಈ ಕರು ಕುಂಟು, ಆ ಕರುವಿನ ಕಣ್ಣು ಕೆಂಪು, ಇದು ಗುಂಪಿಗೆ ಹೊಂದುವುದಿಲ್ಲ ಎಂದು ಒಂದೊಂದಾಗಿ ಬದಿಗೆ ಸರಿಸಲು ತೊಡಗುತ್ತಾನೆ. ಎಷ್ಟು ಕರುಗಳನ್ನು ಯಾವ ಕಾರಣಕ್ಕೆ ಬಿಡಬಹುದು, ಆರಿಸುವವರು ಯಾರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಕೂಡಿಹಾಕಬೇಕು, ತೂಕದ ಯಂತ್ರ ಎಷ್ಟು ಮೈಲಿ ದೂರದಲ್ಲಿದೆ, ಅದಕ್ಕೆ ಪ್ರಮಾಣಪತ್ರ ಇದೆಯೇ, ಲಾರಿ ತಡವಾದರೆ ಖಾಲಿ ಹೊಟ್ಟೆಯಲ್ಲಿ ನಿಂತ ಕರುವಿನ ತೂಕದ ನಷ್ಟ ಯಾರಿಗೆ ಎನ್ನುವುದನ್ನೆಲ್ಲ ಕರಾರಿನಲ್ಲಿ ಬರೆಸಿ. ಇದು ನೇರ ಮಾರಾಟಕ್ಕೂ ಅಷ್ಟೇ ಅನ್ವಯಿಸುತ್ತದೆ, ಬಹುಶಃ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ನಡುವೆ ನಿಂತು ನ್ಯಾಯ ಹೇಳುವ ಮೂರನೆಯವರಿಲ್ಲ. ನೆಬ್ರಾಸ್ಕಾದ ಪಶ್ಚಿಮದ ಮೂರನೇ ಎರಡು ಭಾಗ ಬರೆ ತಪಾಸಣೆಯ ಪ್ರದೇಶ. ದೊಡ್ಡಿಯಲ್ಲಿ ಮಾರಿದರೂ ಒಡೆತನದ ಬರೆಯನ್ನು ನೋಡಿ ಚೀಟಿ ಬರೆಯುವ ತಪಾಸಣಾಧಿಕಾರಿ ಬರಲೇಬೇಕು, ಆ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ನಿಮ್ಮ ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು. ಹರಾಜು ಕಟ್ಟೆಯಲ್ಲಿ ಎಲ್ಲರ ಮುಂದೆ ಕಟ್ಟಿದ ಬೆಲೆಯನ್ನೇ ಕೃಷಿ ಇಲಾಖೆಯ ವರದಿಗಾರರು ಬರೆದುಕೊಂಡು ಪ್ರಕಟಿಸುತ್ತಾರೆ. ನಾನು ದೊಡ್ಡಿಗೆ ಬಂದು ಹೇಳುವ ಬೆಲೆಯೂ ಆ ವರದಿಯನ್ನು ಆಧರಿಸಿದ್ದೇ. ಮೇದು ಕಡಿಯಲು ಸಿದ್ಧವಾದ ದನಗಳ ಮಾರುಕಟ್ಟೆಯಲ್ಲಿ ಏನಾಗಿದೆ ನೋಡಿ. ಅಲ್ಲಿ ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕು ಸಂಸ್ಥೆಗಳೇ ನೂರಕ್ಕೆ ಸುಮಾರು 85ರಷ್ಟನ್ನು ಕಡಿಯುತ್ತವೆ, ಮತ್ತು ಬಹುಪಾಲು ದನಗಳ ಬೆಲೆ ಚೌಕಾಸಿಯಿಲ್ಲದೆ ಸೂತ್ರದ ಮೇಲೆ ನಿಗದಿಯಾಗುತ್ತದೆ. ಆ ಸೂತ್ರಕ್ಕೆ ಆಧಾರವಾದ ಚೌಕಾಸಿಯ ಮಾರಾಟ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ ಬಂದದ್ದನ್ನು ನಾನು ಒಳಗಿನಿಂದ ನೋಡಿದ್ದೇನೆ. ಕರುಗಳ ಮಾರುಕಟ್ಟೆಗೆ ಆ ಗತಿ ಬರಬಾರದೆಂದು ಮನಸಾರೆ ಬಯಸುತ್ತೇನೆ. ಒಂದಷ್ಟು ಕರುಗಳನ್ನಾದರೂ ಪ್ರತಿ ವರ್ಷ ಕಟ್ಟೆಗೆ ಕಳಿಸುವುದು ನಿಮಗೂ ಒಳ್ಳೆಯದು, ನಿಮ್ಮ ನೆರೆಯವರಿಗೂ ಒಳ್ಳೆಯದು.

ಮಾಂಸವನ್ನೇ ಮಾರುವ ಆಲೋಚನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ದನ ಮಾರುವ ಕೆಲಸವಲ್ಲ, ಬೇರೆಯೇ ಒಂದು ಉದ್ಯಮ. ತುಂಡು ಮಾಡಿದ ಮಾಂಸವನ್ನು ಬೇರೆ ರಾಜ್ಯದವರಿಗೂ ಮಾರಬೇಕಾದರೆ ಕೇಂದ್ರದ ತಪಾಸಣೆ ಇರುವ ಕಸಾಯಿಖಾನೆಯಲ್ಲೇ ಕಡಿಸಬೇಕು, ಅಲ್ಲಿ ದಿನ ಸಿಗುವುದೇ ಕಷ್ಟ. 1,300 ಪೌಂಡಿನ ದನದಿಂದ ಮನೆಗೆ ಹೋಗುವ ಮಾಂಸ 500 ಪೌಂಡಿನಷ್ಟು ಮಾತ್ರ, ಅದರಲ್ಲೂ ದೊಡ್ಡ ಪಾಲು ಕೊಚ್ಚಿದ ಮಾಂಸ. ನಾಲ್ಕೈದು ದನಗಳಿಂದ ಆರಂಭಿಸಿ ಗ್ರಾಹಕರನ್ನು ಕಟ್ಟಿಕೊಳ್ಳುವ ತಾಳ್ಮೆ ಇದ್ದರೆ ಮಾಡಿ. ಈ ವರ್ಷದ ಇನ್ನೂರು ಕರುಗಳಿಗೆ ಅದು ಉತ್ತರವಲ್ಲ.

ಮರಳುಗುಡ್ಡ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೋಡಿನ ಲೆಕ್ಕವನ್ನು ಯಜಮಾನರಿಗೂ ಮಗಳಿಗೂ ಓದಿ ಹೇಳಿದೆ. ಹೆಣ್ಣುಕರುಗಳು ತಮ್ಮ ಹಳೆಯ ಕಟ್ಟೆಗೇ ಹೋಗಲಿ ಎಂಬ ಸಲಹೆ ಹೊರಗಿನವರಿಂದ ಬಂದದ್ದು ಯಜಮಾನರಿಗೆ ಬಹಳ ಹಿಡಿಸಿತು. ಬೇರ್ಪಡಿಸುವ ದಿನವನ್ನು ಸೆಪ್ಟೆಂಬರಿಗೆ ತಂದು, ಮಾರಾಟವನ್ನು ನವೆಂಬರಿಗೆ ತಳ್ಳುವ ಬಗ್ಗೆ ನಮ್ಮ ಪಶುವೈದ್ಯರೊಡನೆ ಈ ವಾರ ಮಾತಾಡುತ್ತೇವೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಸ್ಟಿಯರ್‌ಗಳನ್ನು ತಮಗೇ ಕೊಟ್ಟರೆ ಹಣವನ್ನು ಜನವರಿಯಲ್ಲಿ ಕೊಡುವುದಾಗಿ, ಅದರಿಂದ ಈ ವರ್ಷದ ತೆರಿಗೆ ಕಡಿಮೆಯಾಗುತ್ತದೆಂದು ಸ್ಥಳೀಯ ಖರೀದಿದಾರರು ಹೇಳುತ್ತಿದ್ದಾರೆ. ಕಳೆದ ವರ್ಷದ ಕೆಲವು ಕರುಗಳನ್ನು ಈ ವರ್ಷದ ಆರಂಭದಲ್ಲಿ ಮಾರಿದ್ದರಿಂದ ನಮ್ಮ ಆದಾಯ ಈ ಸಲ ಹೆಚ್ಚಿದೆ, ಆದ್ದರಿಂದ ಈ ಮಾತು ಆಕರ್ಷಕವಾಗಿ ಕಾಣುತ್ತಿದೆ. ಇದನ್ನು ಒಪ್ಪಬಹುದೇ?

ಲೆಕ್ಕದಪುಸ್ತಕ

ಒಪ್ಪುವ ಮೊದಲು ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ತಿಳಿದಿರಲಿ. 1921ರ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಕಾಯಿದೆಯ ಪ್ರಕಾರ ದನ ಕೊಂಡವರು ಸಾಮಾನ್ಯವಾಗಿ ಮರುದಿನದ ವ್ಯವಹಾರದ ವೇಳೆ ಮುಗಿಯುವುದರೊಳಗೆ ಹಣ ಕೊಡಬೇಕು. ಹರಾಜು ಕಟ್ಟೆಯವರು ಮಾರಿದವರ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಭದ್ರತಾ ಬಾಂಡನ್ನೂ ಹೊಂದಿರಬೇಕು. ಆದರೂ ಬಾಂಡಿನ ಮೊತ್ತ ನಷ್ಟಕ್ಕೆ ಸಾಲದೆ ಹೋಗುವುದುಂಟು. 2010ರಲ್ಲಿ ಒಂದು ದೊಡ್ಡ ದನದ ವ್ಯಾಪಾರಿ ಸಂಸ್ಥೆ ಕುಸಿದಾಗ ಅನೇಕ ರಾಜ್ಯಗಳ ನೂರಾರು ಮಾರಾಟಗಾರರ ಚೆಕ್ಕುಗಳು ಹಿಂದಿರುಗಿದವು. ಅಂಥ ಅನುಭವಗಳ ನಂತರವೇ 2020ರ ಡಿಸೆಂಬರಿನಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ವರ್ಷಕ್ಕೆ 1,00,000 ಡಾಲರಿಗಿಂತ ಹೆಚ್ಚು ಕೊಳ್ಳುವ ವ್ಯಾಪಾರಿಯು ಹಣ ಪಾವತಿಯಾಗದ ದನಗಳನ್ನೂ ಅವುಗಳಿಂದ ಬಂದ ಹಣವನ್ನೂ ಮಾರಿದವರಿಗಾಗಿ ಟ್ರಸ್ಟಿನಂತೆ ಕಾಯ್ದಿಡಬೇಕಾಯಿತು. ವ್ಯಾಪಾರಿ ಮುಳುಗಿದರೂ ಬ್ಯಾಂಕಿಗಿಂತ ಮೊದಲು ನಿಮ್ಮ ಹಕ್ಕು ನಿಲ್ಲುತ್ತದೆ.

ಈ ರಕ್ಷಣೆ ಇರುವುದು ನಗದು ಮಾರಾಟಕ್ಕೆ ಮಾತ್ರ. ಹಣವನ್ನು ಜನವರಿಯಲ್ಲಿ ಕೊಟ್ಟರೆ ಸಾಕೆಂದು ಬರವಣಿಗೆಯಲ್ಲಿ ಒಪ್ಪಿದ ಕೂಡಲೇ ಅದು ಸಾಲದ ಮಾರಾಟವಾಗುತ್ತದೆ, ಟ್ರಸ್ಟಿನ ಹಕ್ಕು ನಿಮ್ಮ ಕೈತಪ್ಪುತ್ತದೆ. ಎರಡು ತಿಂಗಳ ಮಟ್ಟಿಗೆ ತೊಂಬತ್ತು ಸ್ಟಿಯರ್‌ಗಳ ಬೆಲೆಯನ್ನು, ಮೇಲಿನ ನನ್ನ ಅಂಕಿಗಳಲ್ಲಿ ಹೇಳುವುದಾದರೆ 1,80,000 ಡಾಲರಿಗೂ ಹೆಚ್ಚನ್ನು, ಭದ್ರತೆಯಿಲ್ಲದೆ ಒಬ್ಬ ವ್ಯಕ್ತಿಗೆ ಸಾಲ ಕೊಟ್ಟಂತೆ ಆಗುತ್ತದೆ. ಉಳಿಯುವ ತೆರಿಗೆ ಈ ಅಪಾಯಕ್ಕೆ ತಕ್ಕ ಪ್ರತಿಫಲವೆಂದು ನನಗೆ ಅನಿಸುವುದಿಲ್ಲ. ಈ ವರ್ಷದ ಚೆಕ್ಕನ್ನು ಮೇಜಿನೊಳಗಿಟ್ಟು ಜನವರಿಯಲ್ಲಿ ಹಾಕಿದರೂ ಪ್ರಯೋಜನವಿಲ್ಲ. ಹಣ ನಿಮಗೆ ಲಭ್ಯವಾದ ವರ್ಷದ ಆದಾಯವೆಂದೇ ತೆರಿಗೆಯವರು ಅದನ್ನು ಎಣಿಸುತ್ತಾರೆ. ಆದಾಯವನ್ನು ಮುಂದಕ್ಕೆ ಸರಿಸಲೇಬೇಕಾದರೆ ಒಂದಷ್ಟು ಹೆಣ್ಣುಕರುಗಳನ್ನು ಜನವರಿಯವರೆಗೆ ನಿಮ್ಮ ದೊಡ್ಡಿಯಲ್ಲೇ ಉಳಿಸಿಕೊಂಡು ಆಮೇಲೆ ಕಟ್ಟೆಗೆ ಕಳಿಸಿ. ಆಗ ಕರುಗಳೂ ನಿಮ್ಮವೇ, ಬೆಲೆಯ ಏರಿಳಿತವೂ ನಿಮ್ಮದೇ. ಮೇವಿನ ಲೆಕ್ಕ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ನಿಮ್ಮ ತೆರಿಗೆ ಸಲಹೆಗಾರರನ್ನೂ ಕೇಳಿ.

ಯಾರಿಗೆ ಮಾರಿದರೂ ಚೆಕ್ ಹಿಂದಿರುಗಿದರೆ ಸುಮ್ಮನೆ ಕಾಯಬೇಡಿ. ಹಣ ಕೊಡಬೇಕಿದ್ದ ಕೊನೆಯ ದಿನದಿಂದ 30 ದಿನದೊಳಗೆ, ಚೆಕ್ ನಗದಾಗದೆ ಬಂದಿದ್ದರೆ ಆ ಸುದ್ದಿ ತಿಳಿದ 15 ಕೆಲಸದ ದಿನಗಳೊಳಗೆ, ವ್ಯಾಪಾರಿಗೂ ಕೃಷಿ ಇಲಾಖೆಗೂ ಲಿಖಿತ ಸೂಚನೆ ಕೊಟ್ಟರೆ ಮಾತ್ರ ಆ ಟ್ರಸ್ಟಿನ ಹಕ್ಕು ಉಳಿಯುತ್ತದೆ. ಮಾರಾಟದ ಮುಂಚೆಯೇ ಆ ಖರೀದಿದಾರರು ಇಲಾಖೆಯಲ್ಲಿ ನೋಂದಾಯಿತರೇ, ಅವರ ಬಾಂಡ್ ಚಾಲ್ತಿಯಲ್ಲಿದೆಯೇ ಎಂದು ಇಲಾಖೆಗೆ ಫೋನ್ ಮಾಡಿ ವಿಚಾರಿಸಿ. ಲೋಡು ಗೇಟು ದಾಟುವ ಮೊದಲು ಹಣ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗವಾಗಲಿ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಚೆನ್ನಾಗಿ ವ್ಯಾಪಾರ ಮಾಡುವವರು ಅದಕ್ಕೆ ಬೇಸರಿಸುವುದಿಲ್ಲ.